ಕೆತ್ತುವ ಮರ, ಹೆಣೆಯುವ ಕಡ್ಡಿ

ವಿಲ್ಲೋ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕ್ರಿಕೆಟ್ ಬ್ಯಾಟು. ಕಾಶ್ಮೀರ ನೋಡಿ ಬಂದವರಿಗೆ ಕೆಂಡದ ಕಾಂಗಡಿಯನ್ನು ಸುತ್ತಿರುವ ಕಡ್ಡಿಯ ಹೆಣಿಗೆಯೂ ನೆನಪಾದೀತು. ಅದೇ ಕುಲದ ಒಂದು ಮರ ಪಶ್ಚಿಮ ಘಟ್ಟದ ಹೊಳೆಯಂಚಿನಲ್ಲೂ ಬೆಳೆಯುತ್ತದೆ, ಅದಕ್ಕೆ ಕನ್ನಡದಲ್ಲಿ ನೀರವಂಜಿ ಎಂಬ ಹೆಸರಿದೆ ಎಂಬುದು ಸಸ್ಯಶಾಸ್ತ್ರ ಓದಿದವರಿಗಷ್ಟೇ ಗೊತ್ತಿರುವ ಸಂಗತಿ. ಯುರೋಪು, ಅಮೆರಿಕಗಳಲ್ಲಿ ಕೆಲವು ದಶಕಗಳಿಂದ ಈ ಕುಲದ ಕಡ್ಡಿಗಳನ್ನು ಹೆಣೆದು ಆಳೆತ್ತರದ, ಮನೆಯೆತ್ತರದ ಶಿಲ್ಪಗಳನ್ನು ನಿಲ್ಲಿಸುತ್ತಿದ್ದಾರೆ. ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ಸೆರೆನಾ ಡಿ ಲಾ ಹೇ ಎಂಬ ಶಿಲ್ಪಿ 2000ದಲ್ಲಿ ಹೆದ್ದಾರಿಯ ಪಕ್ಕ ನಿಲ್ಲಿಸಿದ ಓಡುವ ಮನುಷ್ಯನ ಎತ್ತರ ಸುಮಾರು 12 ಮೀಟರ್. ಮರುವರ್ಷ ಮೇ ತಿಂಗಳಲ್ಲಿ ಯಾರೋ ಅದಕ್ಕೆ ಬೆಂಕಿಯಿಟ್ಟರು. ಅಕ್ಟೋಬರ್ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೊಬ್ಬ ಮನುಷ್ಯ ಎದ್ದು ನಿಂತ. ಆಮೇಲೆ ಹಕ್ಕಿಗಳು ಗೂಡಿಗೆಂದು ಅವನ ಕಡ್ಡಿ ಎಳೆದವು, ಮಳೆಗಾಳಿ ಉಳಿದದ್ದನ್ನು ಸವೆಸಿತು. ಅಮೆರಿಕದ ಪ್ಯಾಟ್ರಿಕ್ ಡೌಘರ್ಟಿ ಎಳೆಯ ಕೊಂಬೆಗಳಿಂದ ಕಟ್ಟಿರುವ ಕೃತಿಗಳ ಸಂಖ್ಯೆ ಮುನ್ನೂರಕ್ಕೂ ಹೆಚ್ಚು. ಅವುಗಳ ಆಯುಷ್ಯ ಸಾಮಾನ್ಯವಾಗಿ ಎರಡು ವರ್ಷ. ಶ್ರೀಗಂಧದ ಕೆತ್ತನೆಯಿಂದ ಹೆಸರಾದ ಸಾಗರ, ಅದರ ನೆರೆಯ ಹೊಸನಗರ ಮತ್ತು ತೀರ್ಥಹಳ್ಳಿ, ಈ ಮೂರು ತಾಲ್ಲೂಕುಗಳಿಗೆ ಇಂಥದೊಂದು ಸಾಮಗ್ರಿ ಒದಗೀತೆ ಎಂಬುದು ಇಲ್ಲಿ ನೋಡಬೇಕಾದ ಪ್ರಶ್ನೆ. ಸಾಮಗ್ರಿ ಇಲ್ಲಿ ಹೇರಳವಾಗಿದೆ, ಅದನ್ನು ಬಗ್ಗಿಸುವ ಕೈಯೂ ಇದೆ; ಇಲ್ಲದಿರುವುದು ಅದನ್ನು ಕೊಯ್ಯುವ ಹಕ್ಕು ಮತ್ತು ಶಿಲ್ಪವೆಂದು ಕರೆಯುವ ಧೈರ್ಯ ಎಂಬುದು ನನ್ನ ವಾದ.

ಮೊದಲು ವಿಲ್ಲೋವಿನಿಂದ ಕಲಿಯಬೇಕಾದ್ದು ಏನು ಎಂಬುದನ್ನು ಸರಿಯಾಗಿ ಹಿಡಿಯಬೇಕು. ಅದರ ಗುಟ್ಟು ಕಡ್ಡಿಯಲ್ಲಿರುವುದಕ್ಕಿಂತ ಹೆಚ್ಚಾಗಿ ಪಾತಿಯಲ್ಲಿದೆ. ಸಾಮರ್‌ಸೆಟ್‌ನ ಜವುಗು ಬಯಲಿನಲ್ಲಿ ರೈತರು ಕೈಯುದ್ದದ ತುಂಡುಗಳನ್ನು ಸಾಲಾಗಿ ಮಣ್ಣಿಗೆ ಚುಚ್ಚುತ್ತಾರೆ. ಬೇರು ಹಿಡಿದ ಮೇಲೆ ಪ್ರತಿ ಚಳಿಗಾಲದಲ್ಲಿ, ಎಲೆ ಉದುರಿದ ನಂತರ, ನೆಲಮಟ್ಟಕ್ಕೆ ಕೊಯ್ಯುತ್ತಾರೆ. ಮುಂದಿನ ವಸಂತದಲ್ಲಿ ಅದೇ ಬುಡದಿಂದ ಆಳೆತ್ತರದ ನೆಟ್ಟನೆಯ ಕಡ್ಡಿಗಳು ಮತ್ತೆ ಏಳುತ್ತವೆ. ಒಮ್ಮೆ ನೆಟ್ಟ ಬುಡ ದಶಕಗಟ್ಟಲೆ ಫಸಲು ಕೊಡುತ್ತದೆ. ಕೊಯ್ದದ್ದನ್ನು ಸಿಪ್ಪೆಸಮೇತ ಒಣಗಿಸಿದರೆ ಕಂದು ಕಡ್ಡಿ, ಸಿಪ್ಪೆ ಸುಲಿದರೆ ಬಿಳಿ, ಬೇಯಿಸಿ ಸುಲಿದರೆ ಸಿಪ್ಪೆಯ ಒಗರು ಬಣ್ಣ ಇಳಿದು ಹೊಂಬಣ್ಣ. ಅಂದರೆ ಅಲ್ಲಿನ ಶಿಲ್ಪಿ ಕಾಡಿಗೆ ಕೊಡಲಿ ಒಯ್ಯುವುದಿಲ್ಲ, ಬೆಳೆಗಾರನ ಮನೆಬಾಗಿಲಿಗೆ ಹೋಗಿ ಕಟ್ಟುಗಟ್ಟಲೆ ಕೊಳ್ಳುತ್ತಾನೆ. ಕೃತಿ ಸುಟ್ಟರೆ ಐದು ತಿಂಗಳಲ್ಲಿ ಇನ್ನೊಂದನ್ನು ನಿಲ್ಲಿಸಲು ಸಾಧ್ಯವಾದದ್ದು ಇದರಿಂದಲೇ. ನಮ್ಮಲ್ಲಿ 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ' ಎನ್ನುತ್ತಾರೆ. ವಿಲ್ಲೋ ಬೆಳೆಗಾರ ಗಿಡ ಮರವಾಗಲು ಬಿಡುವುದೇ ಇಲ್ಲ, ಅಷ್ಟೇ.

ಶ್ರೀಗಂಧದ ಕಥೆ ಇದಕ್ಕೆ ನೇರ ಎದುರು. ಗಂಧದಲ್ಲಿ ಕೆತ್ತನೆಗೆ ಬರುವುದು ಚೇಗು ಮಾತ್ರ; ಹೊರಗಿನ ಬಿಳಿಮರಕ್ಕೆ ಪರಿಮಳವೂ ಇಲ್ಲ, ಬೆಲೆಯೂ ಇಲ್ಲ. ಚೇಗು ಕೂಡಿಕೊಳ್ಳಲು ವರ್ಷಗಳು ಸಾಲವು, ದಶಕಗಳು ಬೇಕು. ಗಂಧದ ಗಿಡ ಪಕ್ಕದ ಗಿಡಗಳ ಬೇರಿನಿಂದ ಆಹಾರ ಹೀರಿ ಬದುಕುವುದರಿಂದ ಒಂಟಿಯಾಗಿ ನೆಟ್ಟರೆ ಏಳುವುದೂ ಇಲ್ಲ. ಇದರ ಮೇಲೆ ಆಳುವವರ ಕಣ್ಣು. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷವೆಂದು ಸಾರಿದ. ಮೈಸೂರು ಅರಸರ ಕಾಲದಲ್ಲೂ, ಸ್ವಾತಂತ್ರ್ಯ ಬಂದ ಮೇಲೂ ಅದೇ ಪದ್ಧತಿ ಮುಂದುವರಿಯಿತು. ರೈತನ ಹಿತ್ತಲಿನಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದೇ ಆಗಿದ್ದರಿಂದ, ಮೊಳಕೆಯಲ್ಲೇ ಕಿತ್ತುಹಾಕಿ ನೆಮ್ಮದಿಯಿಂದ ಇರುವುದು ಜಾಣತನವಾಗಿತ್ತು. 1916ರಲ್ಲಿ ಮೈಸೂರಿನಲ್ಲಿ, 1944ರಲ್ಲಿ ಶಿವಮೊಗ್ಗದಲ್ಲಿ ಗಂಧದೆಣ್ಣೆ ಕಾರ್ಖಾನೆಗಳು ಬಂದ ಮೇಲೆ ಚೇಗಿಗೆ ಇನ್ನೊಬ್ಬ ದೊಡ್ಡ ಗಿರಾಕಿ ಹುಟ್ಟಿಕೊಂಡ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಡಗಿನಲ್ಲಿ ಕಾಣಿಸಿಕೊಂಡ ಸ್ಪೈಕ್ ರೋಗ, ಅದರ ಜೊತೆಗೆ ಕಳ್ಳಸಾಗಣೆ ಸೇರಿ ಕಾಡಿನ ಗಂಧವನ್ನು ಬರಿದು ಮಾಡಿದವು. ರಾಜ್ಯ ಅರಣ್ಯ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ಬಂದು ಹೊಲದ ಗಂಧ ಹೊಲದವನದೇ ಆಯಿತು. ಅಷ್ಟು ಹೊತ್ತಿಗೆ ಸಾಗರ, ಸೊರಬ, ಸಿದ್ದಾಪುರ, ಶಿರಸಿಗಳ ಗುಡಿಗಾರರು ಡಿಪೋದಿಂದ ಸಿಕ್ಕಷ್ಟು ಗಂಧದ ತುಂಡು, ಸಿಗದಿದ್ದರೆ ಶಿವನೆಯಂಥ ಬೇರೆ ಮರ ಎಂಬ ಸ್ಥಿತಿಗೆ ಬಂದಾಗಿತ್ತು. ಸಾಮಗ್ರಿಯ ಬೀಗದ ಕೈ ಬೇರೆಯವರ ಬಳಿ ಇದ್ದರೆ ಎಂಥ ಕುಶಲ ಕೈಯೂ ಕಾಯುತ್ತಾ ಕೂರಬೇಕಾಗುತ್ತದೆ.

ಆದರೆ ಗುಡಿಗಾರರೆಂದರೆ ಗಂಧ ಮಾತ್ರವೇ? ಅವರ ಕಸುಬಿನ ಇನ್ನೊಂದು ಅರ್ಧವನ್ನು ನಮ್ಮ ಕಲಾಬರಹ ಹೆಚ್ಚಾಗಿ ಮರೆತಿದೆ. ಅದು ಬೆಂಡಿನ ಕೆಲಸ. ಕೆರೆ, ಜವುಗುಗಳಲ್ಲಿ ಬೆಳೆಯುವ ಬೆಂಡಿನ ಗಿಡದ ಕಾಂಡವನ್ನು ಒಣಗಿಸಿ, ಸಿಪ್ಪೆ ತೆಗೆದರೆ ಒಳಗೆ ಹಾಲುಬಿಳುಪಿನ, ಗರಿಯಷ್ಟು ಹಗುರವಾದ ತಿರುಳು. ಹರಿತವಾದ ಕತ್ತಿಯ ಬಾಯಿಗೆ ಅದನ್ನು ಉರುಳಿಸುತ್ತಾ ಹೋದರೆ ಕಾಗದದಂಥ ಹಾಳೆ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ; ಕತ್ತರಿಸಿದರೆ ಎಸಳು, ಮಡಿಸಿದರೆ ಮೊಗ್ಗು, ಕೆತ್ತಿದರೆ ಗಿಳಿ. ಮದುವೆಯ ಬಾಸಿಂಗ ಹುಟ್ಟುವುದು ಹೀಗೆ. ಒಂದು ದಿನದ ಮಟ್ಟಿಗೆ ಮದುಮಕ್ಕಳ ಹಣೆಯೇರುವ ಈ ಶಿಲ್ಪವನ್ನೂ ತಲೆಮಾರು ಬಾಳುವ ಗಂಧದ ಪೆಟ್ಟಿಗೆಯನ್ನೂ ಮಾಡಿದ್ದು ಒಂದೇ ಕುಟುಂಬ, ಅನೇಕ ಸಲ ಒಂದೇ ಕೈ. ಬಾಳಿಕೆ ಬರುವುದು ಮಾತ್ರ ಶಿಲ್ಪ ಎಂಬ ಭಾವನೆ ಅವರಲ್ಲಿ ಇರಲಿಲ್ಲ. ಅದು ಆಮೇಲೆ ವಸ್ತುಸಂಗ್ರಹಾಲಯಗಳಿಂದ, ಎಂಪೋರಿಯಂಗಳ ಗಾಜಿನ ಕಪಾಟುಗಳಿಂದ ಬಂದದ್ದು. ವಿದೇಶಿ ಗಿರಾಕಿ ಪೆಟ್ಟಿಗೆಯನ್ನು ಹಡಗಿನಲ್ಲಿ ಒಯ್ಯಬಹುದಿತ್ತು, ಬಾಸಿಂಗವನ್ನು ಒಯ್ದು ಏನು ಮಾಡಿಯಾನು?

ಹೆಣಿಗೆಯ ಕಡೆಗೆ ಬಂದರೆ ಈ ಮೂರು ತಾಲ್ಲೂಕುಗಳ ಸಿರಿ ಬೇರೆಯೇ. ಹೊಳೆಯಂಚಿನ ವಾಟೆ, ಗುಡ್ಡದ ಬಿದಿರು, ದಟ್ಟ ಕಾಡಿನ ಹಂದಿಬೆತ್ತ, ನಾಗಬೆತ್ತ, ಗದ್ದೆಯ ಹುಲ್ಲು, ತೋಟದ ಹಾಳೆ, ದಬ್ಬೆ, ಸೋಗೆ. ಇವುಗಳಿಂದ ಹುಟ್ಟಿದ ಆಕಾರಗಳಲ್ಲಿ ಕೂಣಿಯನ್ನೇ ಹತ್ತಿರದಿಂದ ನೋಡಬಹುದು. ಮುಂಗಾರಿನ ಮೊದಲ ನೀರಿಗೆ ಹತ್ತುವ ಮೀನು ಹಿಡಿಯಲು ಗದ್ದೆಯ ಕಂಡಿಗೆ ಒಡ್ಡುವ ಬಿದಿರಿನ ಸಾಧನ ಇದು. ಉದ್ದಕ್ಕೆ ಜೋಡಿಸಿದ ಸಣ್ಣ ಸೀಳುಗಳು ಒಂದು ತುದಿಯಲ್ಲಿ ಕಟ್ಟಿಸಿಕೊಂಡು, ಇನ್ನೊಂದು ತುದಿಯಲ್ಲಿ ಬಾಯಾಗಿ ಅರಳುತ್ತವೆ. ಆ ಬಾಯೊಳಗೆ ಇನ್ನೊಂದು ಚಿಕ್ಕ ಬಾಯಿ, ಅದರ ಚೂಪು ಕಡ್ಡಿಗಳು ಒಳಮುಖವಾಗಿ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದು ನಿಲ್ಲುತ್ತವೆ. ನೀರು ಸಲೀಸಾಗಿ ಹಾಯುತ್ತದೆ, ಒಳಹೊಕ್ಕ ಮೀನು ಹೊರಳಿ ಬರಲಾರದು. ಬಿಳಿ ಗೋಡೆಯ ಎದುರು ಒಂದು ಕೂಣಿಯನ್ನು ತೂಗುಹಾಕಿ ದೀಪ ಹಚ್ಚಿದರೆ, ಒಳಗೊಂದು ಹೊರಗೊಂದು ಶಂಕುವಿನ ನೆರಳು ಬೀಳುವ ಆ ವಸ್ತುವಿಗೆ ಯಾವ ಗ್ಯಾಲರಿಯಲ್ಲೂ ವಿವರಣೆಯ ಚೀಟಿ ಬೇಕಾಗದು. ನಾಟಿ ಮಾಡುವ ಹೆಂಗಸರ ಬೆನ್ನಿಗೆ ಕವುಚುತ್ತಿದ್ದ ಗೊರಬೂ ಹಾಗೆಯೇ. ಬಗ್ಗಿದ ದೇಹದ ಅಚ್ಚಿಗೆ ಸರಿಯಾಗಿ ಹೆಣೆದ ಬಿದಿರಿನ ಜಾಳಿಗೆ ಮೇಲೆ ಎಲೆಯ ಹೊದಿಕೆ. ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೆ ಗೊರಬು ಹೋಯಿತು, ಒಂದು ಆಕಾರವೂ ಅದರೊಂದಿಗೆ ಹೋಯಿತು.

ಇನ್ನು ದೀವರ ಭೂಮಣ್ಣಿ ಬುಟ್ಟಿ. ಹೆಣೆದ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣಿನ ಲೇಪ ಕೊಟ್ಟು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಭೂಮಿ ಹುಣ್ಣಿಮೆಯ ದಿನ ಬಸುರಿ ಭೂಮಿಗೆ ಉಣಬಡಿಸಲು ಬಯಕೆಯ ಅಡುಗೆಯನ್ನು ಗದ್ದೆಗೆ ಒಯ್ಯುವುದು ಅದರಲ್ಲೇ. ಹಸೆ ಚಿತ್ತಾರದ ಬಗ್ಗೆ ಈಚೆಗೆ ಬೇಕಾದಷ್ಟು ಬರಹ ಬಂದಿದೆ, ಪ್ರಶಸ್ತಿಗಳೂ ಬಂದಿವೆ. ಅವುಗಳಲ್ಲಿ ಹೆಚ್ಚಿನವು ಅದನ್ನು ಗೋಡೆಯಿಂದ ಕಾಗದಕ್ಕೆ ಇಳಿಸಿದ ಚಿತ್ರವಾಗಿ ನೋಡಿದವೇ. ಬುಟ್ಟಿಯ ಮೇಲೆ ಅದೇ ಗೆರೆ ಉಬ್ಬುತಗ್ಗಿನ ಹೆಣಿಗೆಯನ್ನು ಹತ್ತಿ ಇಳಿದು, ಸುತ್ತು ಬಳಸಿ ಬರುವಾಗ ಆಗುವುದು ಬೇರೆಯದೇ ಕಲೆ. ಭತ್ತದ ತೆನೆಯ ತೋರಣವನ್ನೂ ಇದೇ ಸಮುದಾಯ ಹೆಣೆಯುತ್ತದೆ. ಕಾಳು ಉದುರದಂತೆ ದಂಟುಗಳನ್ನು ಮಡಚಿ ಜಡೆ ಹಾಕುವ ಆ ನೈಪುಣ್ಯಕ್ಕೂ ಯುರೋಪಿನ ಸುಗ್ಗಿಯಲ್ಲಿ ಗೋಧಿದಂಟಿನಿಂದ ಮಾಡುವ ಗೊಂಬೆಗಳಿಗೂ ನೆಂಟಸ್ತಿಕೆ ಎದ್ದು ಕಾಣುತ್ತದೆ.

ಇಷ್ಟಕ್ಕೆ ಬರುವ ಮೊದಲ ಆಕ್ಷೇಪ: ಇವೆಲ್ಲ ಬುಟ್ಟಿ, ಬಲೆ, ಹಬ್ಬದ ಅಲಂಕಾರ, ಶಿಲ್ಪ ಹೇಗಾಯಿತು? ಶಿಲ್ಪ ಎಂದರೆ ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ, ಹೊಂಬುಜದ ಬಸದಿ. ಹೊಸ ಕಾಲದ್ದೇ ಬೇಕೆಂದರೆ ಕುಪ್ಪಳಿಯ ಕವಿಶೈಲದಲ್ಲಿ ಕೆ.ಟಿ. ಶಿವಪ್ರಸಾದ್ ನಿಲ್ಲಿಸಿದ ಬಂಡೆಗಳಿವೆ. ಈ ಮಾತಿನಲ್ಲಿ ಹುರುಳಿದೆ. ಉಪಯೋಗಕ್ಕಾಗಿ ಹುಟ್ಟಿದ ಆಕಾರವೆಲ್ಲ ಕಲಾಕೃತಿ ಎಂದು ಹೊಗಳುತ್ತಾ ಹೋದರೆ ಮಾತಿಗೆ ಬೆಲೆ ಉಳಿಯುವುದಿಲ್ಲ. ಕೂಣಿ ಹೆಣೆದವನ ಗಮನ ಮೀನಿನ ಮೇಲಿತ್ತೇ ಹೊರತು ನೋಡುಗನ ಮೇಲಲ್ಲ. ಆದರೆ ಇದೇ ತಕರಾರು ವಿಲ್ಲೋವಿಗೂ ಇತ್ತು. ಅಲ್ಲೂ ಕಡ್ಡಿ ಮೊದಲು ಆಲೂಗಡ್ಡೆಯ ಬುಟ್ಟಿ, ಈಲ್ ಮೀನಿನ ಬಲೆ ಆಗಿತ್ತು. ಪ್ಲಾಸ್ಟಿಕ್ ಬಂದು ಆ ಬೇಡಿಕೆ ಕುಸಿದ ಮೇಲೂ ಉಳಿದುಕೊಂಡ ಪಾತಿಗಳ ಕಡ್ಡಿಗೆ ಶಿಲ್ಪಿಗಳು ಹೊಸ ಬಳಕೆ ಹುಡುಕಿದರು. ನಮ್ಮಲ್ಲಿ ತಡೆಯುತ್ತಿರುವುದು ರಸಶಾಸ್ತ್ರಕ್ಕಿಂತ ಹೆಚ್ಚಾಗಿ ಜಾತಿ. ಕಲ್ಲು ಕೆತ್ತಿದವನು ಆಚಾರ್ಯ, ಗಂಧ ಕೆತ್ತಿದವನು ಕಲಾವಿದ, ಬಿದಿರು ಸೀಳಿದವನು ಬುಟ್ಟಿ ಮಾರುವವನು. ಹನ್ನೆರಡನೆಯ ಶತಮಾನದಲ್ಲಿ ಮೇದಾರ ಕೇತಯ್ಯನನ್ನು ಶರಣರ ಸಾಲಿನಲ್ಲಿ ಕೂರಿಸಿದ ನಾಡು ಅವನ ಕಸುಬನ್ನು ಮಾತ್ರ ಊರಂಚಿನ ಮೇದಾರ ಕೇರಿಯಲ್ಲೇ ಇಟ್ಟಿತು.

ಎರಡನೆಯ ಆಕ್ಷೇಪಕ್ಕೆ ಉತ್ತರವು ಕರ್ನಾಟಕದ ಗಡಿಯಲ್ಲೇ ಸಿಗುತ್ತದೆ. ಕಡ್ಡಿಯ ಶಿಲ್ಪ ವಿದೇಶದ ಶೋಕಿ, ನಮ್ಮ ಕಾಡಿನವರ ಹೊಟ್ಟೆಗೆ ಅದು ಏನು ಕೊಟ್ಟೀತು ಎಂದು ಕೇಳುವವರು ಲಂಟಾನದ ಆನೆಗಳನ್ನು ನೋಡಬೇಕು. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರಿ ಸಂಸ್ಥೆ ಸೋಲಿಗರೊಂದಿಗೆ ಲಂಟಾನದ ಪೀಠೋಪಕರಣ ಮಾಡಿಸಲು ತೊಡಗಿತು. ಬಿದಿರು, ಬೆತ್ತ ಕಡಿಮೆಯಾದಾಗ ಕಾಡನ್ನು ಮುತ್ತಿದ್ದ ಕಳೆಯನ್ನೇ ಕಸುಬಿನ ಸಾಮಗ್ರಿ ಮಾಡಿಕೊಂಡ ಉಪಾಯ ಅದು. ಗಡಿಯಾಚೆಯ ನೀಲಗಿರಿಯ ಗೂಡಲೂರಿನಲ್ಲಿ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ ಸಮುದಾಯದವರು ಇದೇ ಕಡ್ಡಿಯಿಂದ ನಿಜವಾದ ಗಾತ್ರದ ಆನೆಗಳನ್ನು ಕಟ್ಟಿದರು. ಕಡ್ಡಿಯನ್ನು ಕುದಿಸಿ, ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಕಬ್ಬಿಣದ ಚೌಕಟ್ಟಿನ ಮೇಲೆ ಬಗ್ಗಿಸಿ ಬಿಗಿಯುತ್ತಾರೆ. ಹೊಟ್ಟೆಯ ಇಳಿಜಾರು, ಕಿವಿಯ ಹಿಂದಿನ ಸುಕ್ಕು ಎಲ್ಲವೂ ಕಡ್ಡಿಯ ಓಟದಲ್ಲೇ ಮೂಡುತ್ತವೆ. 2021ರಲ್ಲಿ ಈ ಹಿಂಡು ಲಂಡನ್ನಿನ ಉದ್ಯಾನಗಳಲ್ಲಿ ನಿಂತಿತು, ಆಮೇಲೆ ಅಮೆರಿಕಕ್ಕೂ ಹೋಯಿತು. ಪ್ರತಿಯೊಂದು ಆನೆಯೂ ಕಾಡಿನಲ್ಲಿ ಅವರಿಗೆ ಪರಿಚಯವಿರುವ ಒಂದು ಆನೆಯ ರೂಪ. ಲಂಟಾನ ಸಾಗರದಲ್ಲೂ ಇದೆ, ತೀರ್ಥಹಳ್ಳಿಯಲ್ಲೂ ಇದೆ. ಅದನ್ನು ಕಡಿಯಬೇಡಿ ಎನ್ನುವವರು ಯಾರೂ ಇಲ್ಲ. ಆದರೆ ಲಂಟಾನವನ್ನೇ ನೆಚ್ಚುವುದು ತಪ್ಪು. ಕಳೆ ತೆಗೆಯುವುದು ಗುರಿಯಾದರೆ ಅದು ಒಂದು ದಿನ ಮುಗಿಯಬೇಕು, ಕಲೆಗೆ ಬೇಕೆಂದು ಕಳೆಯನ್ನು ಉಳಿಸುವಂತಾಗಬಾರದು.

ಹಾಗಾಗಿ ಮತ್ತೆ ಪಾತಿಯ ಮಾತಿಗೇ ಬರಬೇಕು, ಅದರೊಂದಿಗೆ ಮೂರನೆಯ, ಎಲ್ಲಕ್ಕಿಂತ ತೂಕದ ಆಕ್ಷೇಪಕ್ಕೂ. ಈಗಾಗಲೇ ಸೊರಗಿರುವ ಕಾಡಿನ ಮೇಲೆ ಶಿಲ್ಪಿಗಳನ್ನೂ ಛೂ ಬಿಡಬೇಕೆ? ಬಿದಿರಿನ ಇತಿಹಾಸ ಇಲ್ಲಿ ಪಾಠ ಹೇಳುತ್ತದೆ. ದಾಂಡೇಲಿಯ ಕಾಗದ ಕಾರ್ಖಾನೆಗೆ ಐವತ್ತರ ದಶಕದ ಕೊನೆಯಲ್ಲಿ ಬಿದಿರು ಕೊಟ್ಟ ದರ ಟನ್ನಿಗೆ ಒಂದೂವರೆ ರೂಪಾಯಿ. ಪೇಟೆಯಲ್ಲಿ ಬುಟ್ಟಿ ಹೆಣೆಯುವವರು ಅದರ ಎಷ್ಟೋ ಪಟ್ಟು ತೆರುತ್ತಿದ್ದರು. 1975ರಲ್ಲಿ ಆ ಹೆಣೆಯುವವರು ಬಿದಿರು ಸಿಗುತ್ತಿಲ್ಲವೆಂದು ಸರ್ಕಾರಕ್ಕೆ ಮೊರೆಯಿಟ್ಟರು. ಹಣಕಾಸು ಸಚಿವರಾಗಿದ್ದ ಎಂ.ವೈ. ಘೋರ್ಪಡೆ ಅವರ ಆಸಕ್ತಿಯಿಂದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ತಂಡ ಅಧ್ಯಯನಕ್ಕೆ ಇಳಿಯಿತು. ಉತ್ತರ ಕನ್ನಡದಲ್ಲಿ ಅವರು ಕಂಡದ್ದು ಸಣ್ಣದೊಂದು ಸಂಗತಿ. ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಅರಣ್ಯ ಇಲಾಖೆ 'ಮೆಳೆ ಚೊಕ್ಕಟ ಮಾಡುವ' ಹೆಸರಿನಲ್ಲಿ ಸವರಿಸುತ್ತಿತ್ತು. ಹಳ್ಳಿಯವರು ಮಾತ್ರ ಆ ಮುಳ್ಳನ್ನು ಎಂದೂ ಮುಟ್ಟುತ್ತಿರಲಿಲ್ಲ, ಕಡಿಯುವುದಿದ್ದರೆ ಮುಳ್ಳಿನ ಮೇಲ್ಗಡೆ ಕಡಿಯುತ್ತಿದ್ದರು. ಹೊದಿಕೆ ಹೋದ ಮೆಳೆಯಲ್ಲಿ ಕಳಲೆ ನೆಲದಿಂದ ಏಳುತ್ತಿದ್ದಂತೆ ದನ, ಮುಳ್ಳುಹಂದಿ ತಿಂದು ಹಾಕಿದವು, ಹೊಸ ಗಳ ಏಳಲಿಲ್ಲ. ಮೆಳೆಯನ್ನು ಉಳಿಸುವ ಕ್ರಮ ಗೊತ್ತಿದ್ದದ್ದು ಬಿದಿರಿನಿಂದ ಬದುಕುವವನಿಗೆ, ಬಿದಿರಿಗೆ ದರ ಕಟ್ಟುವವನಿಗಲ್ಲ. ಕಾಡನ್ನು ಕೈಯಿಂದ ದೂರವಿಟ್ಟರೆ ಕಾಡು ಉಳಿಯುತ್ತದೆ ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಕಾಣದು. ಬೆತ್ತದ ವಿಷಯ ಬೇರೆ. ಅದು ನಿಧಾನಕ್ಕೆ ಬೆಳೆಯುತ್ತದೆ, ಕಾಡಿನಲ್ಲಿ ಅಪರೂಪವಾಗಿದೆ. ನೆಟ್ಟು ಬೆಳೆಸದೆ ಅದನ್ನು ಮುಟ್ಟಬಾರದೆಂದರೆ ನಾನೂ ಒಪ್ಪುತ್ತೇನೆ.

ನೆಟ್ಟು ಬೆಳೆಸಲು ಜಾಗ? ಮಲೆನಾಡಿನ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಎಂಬ ಸಂಗಾತಿ ಇದೆ. ಗೊಬ್ಬರಕ್ಕೆ ಸೊಪ್ಪು, ದರಗು ತರಲು ತೋಟದ ಒಡೆಯನಿಗೆ ಕೊಟ್ಟ ಈ ಅನುಕೂಲವನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಂ ಗುರುತಿಸುತ್ತದೆ. ಸವರಿದ ಮತ್ತಿ, ಹುಣಾಲು, ಜಂಬೆಗಳು ಮತ್ತೆ ಚಿಗುರಿ ನೆಟ್ಟನೆಯ ಕೋಲು ಕೊಡುತ್ತವೆ. ಬುಡ ಉಳಿಸಿ ಚಿಗುರು ಕೊಯ್ಯುವ ಬೇಸಾಯ ಸಾಮರ್‌ಸೆಟ್‌ನವರಿಗೆ ಮಾತ್ರ ಗೊತ್ತಿರುವುದಲ್ಲ. ಈ ಕೋಲುಗಳು ವಿಲ್ಲೋವಿನಂತೆ ಬಳುಕುವುದಿಲ್ಲ, ನಿಜ. ಚೌಕಟ್ಟಿಗೆ ಆದಾವು, ಹೆಣಿಗೆಗೆ ಆಗವು. ಬೆಟ್ಟದ ತಗ್ಗಿನ ಹಳ್ಳದ ಅಂಚಿಗೆ ವಾಟೆ, ನೀರವಂಜಿ, ಮೇಲ್ಭಾಗದ ನೆರಳಿಗೆ ಬೆತ್ತ ಹಾಕಿದರೆ ಆ ಕೊರತೆ ತುಂಬುತ್ತದೆ. ಕಾನೂನೂ ಸ್ವಲ್ಪ ಮಟ್ಟಿಗೆ ಸಡಿಲಾಗಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು, ಬೆತ್ತಗಳನ್ನು ಕಿರು ಅರಣ್ಯ ಉತ್ಪನ್ನವೆಂದು ಹೆಸರಿಸಿತು. 1927ರ ಭಾರತೀಯ ಅರಣ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ, ಕಾಡಿನ ಹೊರಗೆ ಬೆಳೆದ ಬಿದಿರನ್ನು 'ಮರ' ಎಂಬ ಪಟ್ಟಿಯಿಂದ ಕೈಬಿಟ್ಟಿತು. ಸಸ್ಯಶಾಸ್ತ್ರದಲ್ಲಿ ಹುಲ್ಲಾಗಿದ್ದ ಗಿಡ ಕಾಯ್ದೆಯಲ್ಲಿ ಹುಲ್ಲಾಗಲು ತೊಂಬತ್ತು ವರ್ಷ ಹಿಡಿಯಿತು. ಸೊಪ್ಪಿನ ಬೆಟ್ಟದಲ್ಲಿ ನೆಟ್ಟ ಬೆತ್ತವನ್ನು ಕೊಯ್ದು ಸಾಗಿಸುವುದು ಮಾತ್ರ ಇಂದಿಗೂ ಇಲಾಖೆಯ ಕೃಪೆಗೆ ಬಿಟ್ಟದ್ದು.

ಉಳಿದದ್ದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು, ಹೊಸನಗರದ ಹುಲಿಕಲ್ಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಸುರಿಯುವ ಸೀಮೆಯಲ್ಲಿ ಕಡ್ಡಿಯ ಶಿಲ್ಪ ಒಂದು ಮಳೆಗಾಲ ತಡೆದರೆ ಹೆಚ್ಚು. ಒಳಗೆ ಇಟ್ಟರೂ ಕುಟ್ಟೆ ಹಿಡಿಯುತ್ತದೆ, ನೆಲಕ್ಕೆ ತಾಗಿದರೆ ಒರಲೆ. ಹಳಬರಿಗೆ ಇದಕ್ಕೆ ಮದ್ದು ಗೊತ್ತಿತ್ತು: ಬಿದಿರನ್ನು ವಾರಗಟ್ಟಲೆ ಹರಿವ ನೀರಿನಲ್ಲಿ ಮುಳುಗಿಸಿ ಅದರ ಸಿಹಿಯಂಶ ಕಳೆಯುವುದು, ಹೆಣೆದದ್ದನ್ನು ಒಲೆಯ ಮೇಲಿನ ಅಟ್ಟದ ಹೊಗೆಗೆ ಒಡ್ಡುವುದು. ಈಗ ಬೋರಾಕ್ಸ್ ದ್ರಾವಣವೂ ಇದೆ. ಆದರೆ ಬಾಳಿಕೆಯ ಹಿಂದೆ ಬಿದ್ದು ಈ ಸಾಮಗ್ರಿಯನ್ನು ಕಲ್ಲಿನೊಂದಿಗೆ ಪೈಪೋಟಿಗೆ ಇಳಿಸುವುದು ಅದರ ಸ್ವಭಾವಕ್ಕೆ ಮಾಡುವ ಅನ್ಯಾಯ. ಮಲೆನಾಡಿನವರು ಮಳೆಯ ಲೆಕ್ಕ ಹಾಕಿಯೇ ವಸ್ತು ಮಾಡಿದವರು. ಅಡಿಕೆಯ ಕೊಳೆರೋಗಕ್ಕೆ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೋರ್ಡೋ ದ್ರಾವಣ ಬಳಕೆಗೆ ತರುವ ಮುನ್ನ, ಒಂದೊಂದು ಅಡಿಕೆ ಕೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ತೋಟದ ತುಂಬ ಸಾವಿರಾರು ಹೊದಿಕೆಗಳು, ಒಂದೇ ಮಳೆಗಾಲದ ಆಯುಷ್ಯ, ಮರುವರ್ಷ ಹೊಸದು. ದೀಪಾವಳಿಯ ಹೊತ್ತಿಗೆ ನಿಲ್ಲಿಸಿ ಮೇ ಕೊನೆಗೆ ಮಣ್ಣಿಗೆ ಬಿಡುವ ಶಿಲ್ಪ ಈ ನಾಡಿನ ಪಂಚಾಂಗಕ್ಕೆ ಸರಿಯಾಗಿ ಹೊಂದುತ್ತದೆ. ಕಾಯಂ ಬೇಕೆನ್ನುವವರಿಗೆ ಇಕ್ಕೇರಿ ಇದ್ದೇ ಇದೆ.

ಮಾರಾಟವಾಗದ ಶಿಲ್ಪದಿಂದ ಗುಡಿಗಾರನಿಗಾಗಲಿ ಮೇದಾರನಿಗಾಗಲಿ ಏನು ಲಾಭ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಗಂಧದ ಗಣಪತಿ ಕಪಾಟಿಗೆ ಹೋಗುತ್ತದೆ, ಹತ್ತಡಿಯ ವಾಟೆಯ ನವಿಲು ಎಲ್ಲಿಗೆ ಹೋದೀತು? ಇಂಥ ಕೃತಿಗೆ ಕೊಡುವುದು ಕೂಲಿ, ಬೆಲೆಯಲ್ಲ. ರಂಗಸಜ್ಜಿಕೆಗೆ, ಜಾತ್ರೆಯ ಚಪ್ಪರಕ್ಕೆ, ಶಾಲೆಯಂಗಳಕ್ಕೆ ಕಟ್ಟಿಸುವವರು ಬೇಕು. ಸಾಗರ ತಾಲ್ಲೂಕಿನಲ್ಲಿ ಅದಕ್ಕೆ ನೆಲೆ ಇಲ್ಲದಿಲ್ಲ. 1949ರಿಂದ ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ ಇದೆ. ಅದೇ ಊರ ಬಳಿಯ ಚರಕ ಸಂಸ್ಥೆ, ಅಡಿಕೆ ಬೇಯಿಸಿ ಉಳಿದ ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕಿ, ತಿಪ್ಪೆಗೆ ಹೋಗುತ್ತಿದ್ದುದಕ್ಕೆ ಊರೂರಲ್ಲಿ ಗಿರಾಕಿಗಳನ್ನು ಹುಡುಕಿಕೊಟ್ಟಿದೆ. ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಕಾಂಬಾ ಜಾತ್ರೆಗೆ ಊರ ತುಂಬ ಏಳುವ ಮಂಟಪ, ದ್ವಾರಗಳಲ್ಲಿ ಥರ್ಮೋಕೋಲ್, ಫ್ಲೆಕ್ಸುಗಳಿಗೆ ಬಳಿಯುವ ಹಣದ ಒಂದು ಪಾಲನ್ನು ಹೆಣೆಯುವ ಕೈಗಳಿಗೆ ಕೊಟ್ಟು ನೋಡಬಹುದು. ಬೆಂಡು ಕೆತ್ತುವವರು, ಬಿದಿರು ಸೀಳುವವರು, ಚಿತ್ತಾರ ಬರೆಯುವವರು ಒಂದೇ ಚಪ್ಪರದಡಿ ಕೂತು ಕೆಲಸ ಮಾಡಿದ ಉದಾಹರಣೆ ಕಡಿಮೆ. ಕಸುಬುಗಳ ನಡುವಿನ ಗೋಡೆ ಒಡೆಯದೆ ಹೊಸ ಆಕಾರ ಹುಟ್ಟುವುದು ಕಷ್ಟ.

ಜಾತ್ರಾ ಸಮಿತಿಗಳವರೂ ಸೊಪ್ಪಿನ ಬೆಟ್ಟದ ಒಡೆಯರೂ ಇದನ್ನು ಓದುತ್ತಿದ್ದರೆ ಅವರಲ್ಲಿ ಒಂದು ಕೋರಿಕೆ. ಮುಂದಿನ ಮಳೆಗಾಲಕ್ಕೆ ಹಳ್ಳದ ಅಂಚಿನಲ್ಲಿ ಒಂದು ಗುಂಟೆ ಜಾಗ ಬಿಡಿ. ನೀರವಂಜಿಗೆ ನರ್ಸರಿಯ ಸಸಿಯೂ ಬೇಡ. ಹೆಬ್ಬೆರಳು ದಪ್ಪದ ಕೊಂಬೆಯನ್ನು ಒಂದು ಮೊಳ ಕತ್ತರಿಸಿ ಹಸಿ ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ.